ದರಗಿನೊಳಗೆ ಎಳ್ಳುಕಾಳು: ಮಂಗನ ಕಾಯಿಲೆಯ ಪಾಠ ಜಗುಲಿಗೆ ಬರುವ ಬಗೆ

ಡಿಸೆಂಬರ್ ಕೊನೆಯ ವಾರ. ಸಾಗರ ತಾಲೂಕಿನ ಕಾಡಂಚಿನಲ್ಲಿರುವ ದೊಡ್ಡಮ್ಮನ ಮನೆಗೆ ಅಡಿಕೆಯ ಕೊನೆಕೊಯ್ಲಿನ ನೆಪದಲ್ಲಿ ಹೋಗಿದ್ದೆ. ಬೆಳಗಿನ ತಿಂಡಿ ಮುಗಿದಿತ್ತು. ದೊಡ್ಡಮ್ಮ ತಲೆಗೆ ವಸ್ತ್ರ ಬಿಗಿದು, ದೊಡ್ಡ ಬುಟ್ಟಿ ಎತ್ತಿಕೊಂಡು ಬೆಟ್ಟಕ್ಕೆ ಹೊರಟೇಬಿಟ್ಟಿದ್ದರು. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಬಂದರು. ಜಗುಲಿಯ ಮೇಲೆ ಕೂತು ಚೀಲದಿಂದ ಎಣ್ಣೆಯ ಬಾಟಲಿ, ಒಂದು ಕರಪತ್ರ ತೆಗೆದಿಟ್ಟರು.

"ಅಮ್ಮ, ಇನ್ನು ಮಳೆ ಬರೂವರೆಗೆ ಕಾಡಿಗೆ ಹೋಗ್ಬೇಡಿ ಅಂತ ಹೇಳಿ ಬಾ ಅಂದಿದಾರೆ."

"ಹೋಗ್ದೆ ಇದ್ರೆ ಕೊಟ್ಟಿಗೆಗೆ ಎಂತ ಹಾಸೂದು ಮಾರಾಯ್ತಿ? ನಿನ್ ಕಾಗದಾನಾ?"

ಆಶಾ ಅಕ್ಕನಿಗೆ ನಗು ಬಂತು. ಅವರದ್ದೂ ಅದೇ ಊರು. ಅವರ ಮನೆಯಲ್ಲೂ ಎರಡು ದನ. ಕರಪತ್ರ ಮಡಚಿ ಚೀಲಕ್ಕೆ ಹಾಕಿ, "ಹಂಗಾರೆ ಹೋಗಿ. ಹೋಗೂಕೆ ಮುಂಚೆ ಕಾಲು ಇಲ್ಲಿ ನೀಡಿ" ಅಂದರು. ಅಂಗೈಗೆ ಎಣ್ಣೆ ಸುರಿದುಕೊಂಡು ದೊಡ್ಡಮ್ಮನ ಹಿಮ್ಮಡಿಯಿಂದ ಮೊಣಕಾಲಿನವರೆಗೆ ತಾವೇ ಹಚ್ಚಿದರು. ದೊಡ್ಡಮ್ಮ ಮೂಗು ಮುರಿದರು, ಆದರೆ ಕಾಲು ಹಿಂದಕ್ಕೆ ಎಳೆಯಲಿಲ್ಲ.

ಮಂಗನ ಕಾಯಿಲೆಯ ಬಗ್ಗೆ ನಾನು ಓದಿದ್ದರಲ್ಲಿ ಆ ಎರಡು ನಿಮಿಷದಷ್ಟು ತಿಳಿಯಾಗಿ ಯಾವುದೂ ತಲೆಗೆ ಹೋಗಿರಲಿಲ್ಲ. "ಕಾಡಿಗೆ ಹೋಗಬೇಡಿ" ಎಂಬ ಸಲಹೆ ಮಲೆನಾಡಿನಲ್ಲಿ ಸಲಹೆಯೇ ಅಲ್ಲ. ಅದು ಪೇಟೆಯವರಿಗೆ ಅಂಗಡಿಗೆ ಹೋಗಬೇಡಿ ಅಂದಹಾಗೆ. ಹೋಗುವುದು ಖಂಡಿತ ಎಂದು ಒಪ್ಪಿಕೊಂಡ ಮೇಲೆ ಉಳಿಯುವ ಪ್ರಶ್ನೆ: ಹೇಗೆ ಹೋಗಬೇಕು, ಬಂದಮೇಲೆ ಏನು ಮಾಡಬೇಕು? ಅದಕ್ಕೆ ಉತ್ತರ ಬೇಕಾದರೆ ಈ ರೋಗ ಕಾಡಿನಲ್ಲಿ ಹೇಗೆ ಸುತ್ತುತ್ತದೆ ಎಂದು ಮೊದಲು ತಿಳಿಯಬೇಕು.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದವು. ಸುತ್ತಲ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನು ಹೀಗೆ ಕೊಲ್ಲುವುದು ಹಳದಿ ಜ್ವರ. ಅದು ಭಾರತಕ್ಕೆ ಕಾಲಿಟ್ಟೇಬಿಟ್ಟಿತೇ ಎಂಬ ಗಾಬರಿ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಬಂದು ಸತ್ತ ಮಂಗಗಳಿಂದ, ಕಾಯಿಲೆ ಬಿದ್ದವರಿಂದ ಮಾದರಿ ಒಯ್ದರು. ಸಿಕ್ಕಿದ್ದು ಹಳದಿ ಜ್ವರವಲ್ಲ. ಅದೇ ಕುಟುಂಬದ, ಆದರೆ ಅದುವರೆಗೆ ಯಾರೂ ಕಂಡಿರದ ವೈರಸ್. ಅದರ ಹತ್ತಿರದ ನೆಂಟರು ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್‌ಗಳು. ಅದನ್ನು ಹೊತ್ತು ತಿರುಗುವುದು ಸೊಳ್ಳೆಯಲ್ಲ, ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ. ಹೀಗೆ ಒಂದು ಪುಟ್ಟ ಊರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿತು: ಕ್ಯಾಸನೂರು ಕಾಡಿನ ಕಾಯಿಲೆ, ಆಸ್ಪತ್ರೆಯವರ ಬಾಯಲ್ಲಿ ಕೆಎಫ್‌ಡಿ.

ಊರಿನವರು ಇಟ್ಟ ಹೆಸರು ಮಂಗನ ಕಾಯಿಲೆ. ರೋಗಗಳಿಗೆ ಊರಿನ ಹೆಸರಾಗಲಿ ಪ್ರಾಣಿಯ ಹೆಸರಾಗಲಿ ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ನಮ್ಮದು ಎರಡರಲ್ಲೂ ಫೇಲು. ಇದು ಬರೀ ನಗುವ ವಿಷಯವೂ ಅಲ್ಲ. ಹೆಸರು ಕೇಳಿದವರು ಮಂಗ ಕಚ್ಚಿದರೆ, ಪರಚಿದರೆ, ಅದು ತಿಂದುಬಿಟ್ಟ ಹಣ್ಣು ತಿಂದರೆ ಕಾಯಿಲೆ ಬರುತ್ತದೆ ಎಂದುಕೊಳ್ಳುತ್ತಾರೆ. ಮನೆ ಮಾಡಿನ ಮೇಲೆ ಮಂಗ ಕುಣಿದಾಗ ಹೆದರುತ್ತಾರೆ, ಕಾಲಿನ ಮೇಲೆ ಉಣುಗು ಹತ್ತಿದಾಗ ಹೆದರುವುದಿಲ್ಲ. ಮಲೆನಾಡಿನಲ್ಲಿ ಉಣುಗು ಹತ್ತುವುದೇನು ದೊಡ್ಡ ಸುದ್ದಿಯೇ? ಕಿತ್ತು ಉಗುರಿನಲ್ಲಿ ಚಿಟುಕಿಸಿ ಮುಂದೆ ಹೋಗುವುದು ರೂಢಿ. ಮಂಗ ಇಲ್ಲಿ ಅಪರಾಧಿಯಲ್ಲ. ನಮಗಿಂತ ಮೊದಲೇ ಸಾಯುವ ಬಲಿಪಶು.

ಉಣುಗಿನ ಒಂದು ವರ್ಷದ ಬದುಕನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ಮುಂದಿನ ಎಲ್ಲ ಮುನ್ನೆಚ್ಚರಿಕೆಗಳ ಗುಟ್ಟು ಅದರಲ್ಲಿದೆ. ಈ ವೈರಸ್ಸನ್ನು ಮುಖ್ಯವಾಗಿ ಹರಡುವ ಉಣುಗಿನ ಜಾತಿಗೆ ವಿಜ್ಞಾನಿಗಳು ಹೀಮಾಫೈಸಾಲಿಸ್ ಸ್ಪೈನಿಜೆರಾ ಎನ್ನುತ್ತಾರೆ. ಬಲಿತ ಉಣುಗು ಮಳೆಗಾಲದಲ್ಲಿ ಮೇಯಲು ಹೋದ ದನಗಳ ಮೈಗೆ ಹತ್ತುತ್ತದೆ. ರಕ್ತ ಕುಡಿದು ಹೊಟ್ಟೆ ಊದಿಸಿಕೊಂಡು, ಕಳಚಿ ಕೆಳಗೆ ಬಿದ್ದು, ತರಗೆಲೆಯ ತಂಪಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮಳೆ ಹಿಂದಾಗುವ ಹೊತ್ತಿಗೆ ಮೊಟ್ಟೆಯೊಡೆದು ಮರಿ ಹೊರಬರುತ್ತವೆ. ಆರು ಕಾಲು, ಗಸಗಸೆಯಷ್ಟು ಗಾತ್ರ. ಇಲಿ, ಮೂಗಿಲಿ, ನೆಲದ ಮೇಲೆ ಓಡಾಡುವ ಹಕ್ಕಿ, ಯಾವುದು ಸಿಕ್ಕಿದರೂ ಹತ್ತಿ ಮೊದಲ ಊಟ ಮಾಡುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಮರಿಯೊಳಗೆ ಬಂದು ಕೂರುತ್ತದೆ. ಊಟವಾದ ಮರಿ ಕೆಳಗೆ ಬಿದ್ದು, ಪೊರೆ ಕಳಚಿ, ಎಂಟು ಕಾಲಿನ ಎರಡನೇ ಅವತಾರಕ್ಕೆ ಬರುತ್ತದೆ. ಈಗ ಅದು ಎಳ್ಳುಕಾಳಿನಷ್ಟು. ಪೊರೆ ಬಿಟ್ಟರೂ ವೈರಸ್ ಬಿಡುವುದಿಲ್ಲ.

ಮನುಷ್ಯರಿಗೆ ಕಾಯಿಲೆ ತರುವುದು ಹೆಚ್ಚಾಗಿ ಈ ಎಳ್ಳುಕಾಳೇ. ಡಿಸೆಂಬರ್ ಹೊತ್ತಿಗೆ ಇದರ ಸಂಖ್ಯೆ ಏರುತ್ತದೆ, ಬೇಸಿಗೆಯಿಡೀ ಇರುತ್ತದೆ, ಮಳೆ ಹಿಡಿದ ಮೇಲೆ ಇಳಿಯುತ್ತದೆ. ಕಾಯಿಲೆಯ ಕಾಲವೂ ಅಷ್ಟೇ, ಡಿಸೆಂಬರಿನಿಂದ ಮೇ ತಿಂಗಳವರೆಗೆ. ಹುಲ್ಲಿನ ತುದಿಯಲ್ಲೋ ಎಲೆಯ ಅಂಚಿನಲ್ಲೋ ಮುಂಗಾಲು ಚಾಚಿ ಕೂತಿರುತ್ತದೆ. ಹಾದುಹೋಗುವ ಮೈ ತಾಗಿದರೆ ಸಾಕು, ಹತ್ತಿಬಿಡುತ್ತದೆ. ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಕೆಳಗಿನಿಂದ ಮೇಲಕ್ಕೆ ತೆವಳುವುದೊಂದೇ ಅದಕ್ಕೆ ಗೊತ್ತು. ಹಿಮ್ಮಡಿಯಿಂದ ಎಣ್ಣೆ ಹಚ್ಚಲು ಶುರುಮಾಡಿ ಎಂದು ಆಶಾ ಅಕ್ಕ ಹೇಳುವುದು ಇದಕ್ಕೇ.

ಇದರ ನಡುವೆ ಮಂಗ ಎಲ್ಲಿ ಬಂತು? ಮರದಿಂದಿಳಿದು ನೆಲದ ಮೇಲೆ ಕೂತ ಕಪ್ಪು ಮೂತಿಯ ಮುಸಿಯಕ್ಕೋ ಕೆಂಪು ಮೂತಿಯ ಮಂಗಕ್ಕೋ ಇದೇ ಉಣುಗು ಹತ್ತುತ್ತದೆ. ಇಲಿಯ ಮೈಯಲ್ಲಿ ಸದ್ದಿಲ್ಲದೆ ಇರುವ ವೈರಸ್ ಮಂಗದ ಮೈಯಲ್ಲಿ ರೌದ್ರವಾಗಿ ಬೆಳೆಯುತ್ತದೆ. ಆ ಹೊತ್ತಿನಲ್ಲಿ ಮಂಗದ ರಕ್ತ ಕುಡಿದ ಉಣುಗುಗಳು ವೈರಸ್ಸನ್ನು ತುಂಬಿಕೊಳ್ಳುತ್ತವೆ. ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಅವೆಲ್ಲ ಹೆಣ ಬಿಟ್ಟಿಳಿದು ಸುತ್ತಲ ನೆಲಕ್ಕೆ ಹರಡುತ್ತವೆ. ನಿನ್ನೆಯವರೆಗೆ ಎಲ್ಲೆಡೆಯಂತಿದ್ದ ಆ ತುಂಡು ಜಾಗ ಇವತ್ತಿನಿಂದ ಕಾಯಿಲೆಯ ಗೂಡು. ಸತ್ತ ಮಂಗದ ಸುದ್ದಿಗೆ ಆರೋಗ್ಯ ಇಲಾಖೆಯವರು ಅಷ್ಟು ಬೆಲೆ ಕೊಡುವುದು ಸುಮ್ಮನೆ ಅಲ್ಲ. ಊರಿನ ಮೊದಲ ಜ್ವರಕ್ಕಿಂತ ಮುಂಚೆ ಬರುವ ಎಚ್ಚರಿಕೆ ಅದು.

ದನ ಈ ಕಥೆಯಲ್ಲಿ ವಿಚಿತ್ರ ಪಾತ್ರ. ಅದಕ್ಕೆ ಕಾಯಿಲೆ ಬರುವುದಿಲ್ಲ, ಅದರಿಂದ ನಮಗೆ ವೈರಸ್ ದಾಟುವುದೂ ಇಲ್ಲ. ಹಾಲಿನಿಂದ ಬಂತು ಎನ್ನುವುದಕ್ಕೆ ಪುರಾವೆಯಿಲ್ಲ. ಆದರೆ ಬಲಿತ ಉಣುಗಿಗೆ ಊಟ ಹಾಕುವುದು ದನವೇ. ಕಾಡಿನೊಳಕ್ಕೆ ಮೇಯಲು ಹೋಗುವ ದನ ಹೆಚ್ಚಿದಷ್ಟೂ ಮುಂದಿನ ವರ್ಷದ ಮೊಟ್ಟೆ ಹೆಚ್ಚು. ಕಾಡು ಕಡಿದ ಅಂಚು, ಲಂಟಾನ ಹಬ್ಬಿದ ಪೊದೆ, ದನ ಓಡಾಡುವ ದಾರಿ, ಇವು ಸೇರಿದ ಕಡೆ ಉಣುಗಿಗೆ ಸುಗ್ಗಿ. ಬೆಳ್ತಂಗಡಿ ತಾಲೂಕಿನ ನಿಡ್ಲೆಯ ಸುತ್ತಮುತ್ತ 1980ರ ದಶಕದ ಮೊದಲ ವರ್ಷಗಳಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಲ್ಲೇ ಈ ಕಾಯಿಲೆ ದೊಡ್ಡ ಹಾವಳಿ ಎಬ್ಬಿಸಿತು.

ಈಗ ಉಣುಗಿನ ಪಂಚಾಂಗದ ಪಕ್ಕಕ್ಕೆ ಮಲೆನಾಡಿನ ಕೆಲಸದ ಪಂಚಾಂಗ ಇಟ್ಟು ನೋಡಿ. ಡಿಸೆಂಬರಿನಿಂದ ಕೊನೆಕೊಯ್ಲು. ಎಲೆ ಉದುರಲು ಶುರುವಾದಾಗ ದರಗು, ಅಂದರೆ ಒಣ ತರಗೆಲೆ, ಗುಡಿಸಿ ತರುವ ಕೆಲಸ, ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ. ಮಳೆಗಾಲದ ಸೌದೆ ಕೂಡಿಡುವುದು ಇದೇ ತಿಂಗಳುಗಳಲ್ಲಿ. ಸೀಗೆಕಾಯಿ, ಆಮೇಲೆ ಜೇನು, ಏಪ್ರಿಲ್ ಮೇ ಹೊತ್ತಿಗೆ ಮುರುಗಲು (ಪುನರ್ಪುಳಿ). ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಸೊಪ್ಪಿನ ಬೆಟ್ಟದ (ತೋಟದ ಗೊಬ್ಬರಕ್ಕೆ ಸೊಪ್ಪು, ದರಗು ತರುವ ಕಾಡಿನ) ಹಕ್ಕು ಬ್ರಿಟಿಷರ ಕಾಲದಿಂದ ಬಂದಿದೆ. ತೋಟ ನಿಂತಿರುವುದೇ ಬೆಟ್ಟದ ಎಲೆಯ ಮೇಲೆ ಎಂದರ್ಥ. ಉಣುಗು ಹಸಿದು ಕೂತ ಆರು ತಿಂಗಳೂ ಜನ ಎಲೆ ಬಾಚುವ ಆರು ತಿಂಗಳೂ ಒಂದೇ. ದರಗಿನ ಬುಟ್ಟಿ ತಲೆಯ ಮೇಲೆ ಬರುತ್ತದೆ. ಅದರಲ್ಲಿರುವ ಉಣುಗು ನೇರ ಕುತ್ತಿಗೆಗೆ, ಕಂಕುಳಿಗೆ ಇಳಿಯುತ್ತದೆ. ಹಿತ್ತಲಲ್ಲಿ ರಾಶಿ ಹಾಕಿದರೆ ಮಕ್ಕಳು ಅದರ ಮೇಲೆ ಹಾರಿ ಆಡುತ್ತಾರೆ. ಕಾಡಿಗೆ ಹೋಗದ ಮಗುವಿಗೂ ಜ್ವರ ಬಂದದ್ದು ಹೇಗೆ ಎಂದು ತಲೆ ಕೆಡಿಸಿಕೊಳ್ಳುವ ಮುಂಚೆ ಹಿತ್ತಲಿಗೊಮ್ಮೆ ಹೋಗಿ ನೋಡಬೇಕು.

ಎಣ್ಣೆಯ ವಿಷಯಕ್ಕೆ ಬರೋಣ. ಹಿಂದೆ ಹಂಚುತ್ತಿದ್ದದ್ದು ಡಿಎಂಪಿ ಎಣ್ಣೆ. ಈಗ ಹಂಚುವುದು ಡೆಪಾ ಎಣ್ಣೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಸಿದ್ಧಪಡಿಸಿದ್ದು. ಇದು ಉಣುಗನ್ನು ಕೊಲ್ಲುವ ವಿಷವಲ್ಲ, ಹತ್ತದಂತೆ ದೂರವಿಡುವ ಎಣ್ಣೆ. ಹಾಗಾಗಿ ಹತ್ತಿದ ಮೇಲೆ ಹಚ್ಚಿ ಪ್ರಯೋಜನವಿಲ್ಲ. ಮನೆಯಿಂದ ಹೊರಡುವ ಮುಂಚೆ ಪಾದ, ಕಾಲು, ಕೈ, ಕತ್ತು, ಸೊಂಟದ ಪಟ್ಟಿ, ಅಂದರೆ ಬಟ್ಟೆ ಮುಗಿದು ಚರ್ಮ ಶುರುವಾಗುವ ಕಡೆಯೆಲ್ಲ ಹಚ್ಚಬೇಕು. ಕಣ್ಣು ಬಾಯಿಗೆ ತಾಗಬಾರದು, ಗಾಯದ ಮೇಲೆ ಬೇಡ. ಬೆವರಿಗೂ ನೀರಿಗೂ ತೊಳೆದುಹೋಗುತ್ತದೆ. ಬೆಳಿಗ್ಗೆ ಹಚ್ಚಿದ್ದು ಸಂಜೆಯವರೆಗೆ ಕಾಯುವುದಿಲ್ಲ. ಮಧ್ಯಾಹ್ನದ ಬುತ್ತಿ ಉಂಡ ಮೇಲೆ ಮತ್ತೊಮ್ಮೆ ಹಚ್ಚಬೇಕು, ಅಂದರೆ ಬಾಟಲಿ ಬುತ್ತಿಯ ಜೊತೆಗೇ ಬೆಟ್ಟಕ್ಕೆ ಹೋಗಬೇಕು.

ಇಲ್ಲೊಂದು ಸೂಕ್ಷ್ಮವಿದೆ, ಕರಪತ್ರದಲ್ಲಿ ನಾನು ಎಲ್ಲೂ ಕಂಡಿಲ್ಲ. ನಮ್ಮ ಕಡೆ ದುಡಿಯುವವರು ಗಂಟೆಗೊಮ್ಮೆ ಕವಳ ಹಾಕುವವರು. ಎಣ್ಣೆ ಹಚ್ಚಿದ ಕೈಯಲ್ಲೇ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಬಾಯಿಗೆ ಹಾಕಿದರೆ ನಾಲಿಗೆಯೆಲ್ಲ ಕಹಿ. ಎರಡು ದಿನ ಹಾಗಾದರೆ ಮೂರನೇ ದಿನ ಎಣ್ಣೆ ಮಾಡಿನ ಸಂದಿಗೆ, ಕವಳ ಅಂತೂ ನಿಲ್ಲುವುದಿಲ್ಲ. ಅಂಗೈ ಒರೆಸಿಕೊಂಡು ಆಮೇಲೆ ಕವಳದ ಚೀಲ ಬಿಚ್ಚಿ ಎಂಬ ಒಂದು ಮಾತು ಆ ಬಾಟಲಿಯನ್ನು ಉಳಿಸುತ್ತದೆ. ಹೇಳಬೇಕೆಂದರೆ ಕವಳ ಹಾಕುವವರ ಜೊತೆ ಕೂತು ನೋಡಿದವರೇ ಆಗಬೇಕು. ಹಂಚಿದ ಬಾಟಲಿಗಳ ಲೆಕ್ಕ ಕಚೇರಿಗೆ ಸಿಗುತ್ತದೆ. ಎಣ್ಣೆ ಕಂಡ ಕಾಲುಗಳ ಲೆಕ್ಕ ಆಶಾ ಅಕ್ಕನಿಗೆ ಮಾತ್ರ ಗೊತ್ತು, ಅದನ್ನು ಬರೆಯಲು ಅವರ ಪುಸ್ತಕದಲ್ಲಿ ಕಾಲಂ ಇಲ್ಲ.

ಮೈ ಮುಚ್ಚುವ ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುಂಬುತೋಳಿನ ಅಂಗಿ, ಪ್ಯಾಂಟಿನ ಅಂಚು ಕಾಲುಚೀಲದೊಳಗೆ. ಏಪ್ರಿಲಿನ ಧಗೆಯಲ್ಲಿ ಎಷ್ಟು ಜನ ಪಾಲಿಸುತ್ತಾರೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಸೀರೆ ಎತ್ತಿ ಕಟ್ಟಿ ಕೆಲಸ ಮಾಡುವ ಹೆಂಗಸರಿಗೆ ಕಾಲುಚೀಲದ ಮಾತು ಹೇಳುವುದೂ ಒಂದು ತಮಾಷೆಯೇ.

ಬಚ್ಚಲಿನ ಮಾತು ಹಾಗಲ್ಲ, ಅದು ಸುಲಭವಾಗಿ ನಾಟುವಂಥದ್ದು. ಮಲೆನಾಡಿನ ಮನೆಯಲ್ಲಿ ಹಂಡೆಯ ಕೆಳಗೆ ಬೆಂಕಿ ಆರುವುದೇ ಕಡಿಮೆ. ಬಿಸಿನೀರಿನ ಸ್ನಾನ ಯಾರೂ ಕಲಿಸಬೇಕಾದ ಪಾಠವಲ್ಲ. ಬದಲಾಗಬೇಕಾದ್ದು ಸರದಿ ಒಂದೇ. ಬೆಟ್ಟದಿಂದ ಬಂದವರು ಮೊದಲು ಜಗುಲಿಯಲ್ಲಿ ಕೂತು ಚಾ ಕುಡಿಯುತ್ತಾರೆ, ಮೊಮ್ಮಗುವನ್ನು ತೊಡೆಗೆ ಎಳೆದುಕೊಳ್ಳುತ್ತಾರೆ, ದನಕ್ಕೆ ಹುಲ್ಲು ಹಾಕಿ ಕತ್ತಲಾದ ಮೇಲೆ ಸ್ನಾನಕ್ಕೆ ಹೋಗುತ್ತಾರೆ. ಅಷ್ಟರಲ್ಲಿ ಉಣುಗು ಜಾಗ ಹುಡುಕಿ ಕಚ್ಚಿಯಾಗಿರುತ್ತದೆ. ಮೊದಲು ಬಚ್ಚಲು, ಆಮೇಲೆ ಚಾ. ಬಿಚ್ಚಿದ ಬಟ್ಟೆ ಗೂಟಕ್ಕೆ ನೇತುಹಾಕದೆ ನೇರ ಕುದಿಯುವ ನೀರಿಗೆ. ಸೋಪು ಹಚ್ಚಿ ತಿಕ್ಕುವಾಗ ಮೊಣಕಾಲ ಹಿಂದೆ, ಕಂಕುಳು, ಉಡಿದಾರದ ಕೆಳಗೆ, ಕಿವಿಯ ಹಿಂಭಾಗ, ಕೂದಲಿನ ಬುಡ ಕೈಯಾಡಿಸಿ ನೋಡಬೇಕು. ಬೆನ್ನು ತಮಗೆ ತಾವೇ ಕಾಣುವುದಿಲ್ಲ, ಮನೆಯಲ್ಲಿ ಇನ್ನೊಬ್ಬರು ನೋಡಬೇಕು. ಕಚ್ಚಿಕೊಂಡ ಉಣುಗು ಸಿಕ್ಕಿದರೆ ಬೀಡಿ ಬೆಂಕಿ ಮುಟ್ಟಿಸುವುದು, ಸೀಮೆಎಣ್ಣೆ ಸುರಿಯುವುದು ಬೇಡ. ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆದು, ಜಾಗವನ್ನು ಸೋಪಿನಲ್ಲಿ ತೊಳೆಯಬೇಕು. ಉಗುರಿನಲ್ಲಿ ಚಿಟುಕಿಸುವ ಹಳೆಯ ಚಟವನ್ನಂತೂ ಬಿಡಲೇಬೇಕು, ಅದರೊಳಗಿನ ರಸ ಬೆರಳಿಗೆ ಮೆತ್ತುತ್ತದೆ.

ಸತ್ತ ಮಂಗದ ವಿಷಯ ಇದಕ್ಕಿಂತ ಕಷ್ಟ, ಯಾಕೆಂದರೆ ಅಲ್ಲಿ ಭಕ್ತಿ ಅಡ್ಡ ಬರುತ್ತದೆ. ಮಂಗ ಹನುಮಂತನ ಸ್ವರೂಪ. ಊರಿನಲ್ಲಿ ಮಂಗ ಸತ್ತರೆ ಅರಿಸಿನ ಕುಂಕುಮ ಇಟ್ಟು, ಹೂವು ಹಾಕಿ, ಹೆಗಲ ಮೇಲೆ ಹೊತ್ತು ಮಣ್ಣು ಮಾಡುವ ಪದ್ಧತಿ ಕರ್ನಾಟಕದ ಎಷ್ಟೋ ಕಡೆ ಇದೆ. ನೋಡಲು ಮನಸ್ಸು ಕರಗುವ ದೃಶ್ಯವೇ ಹೌದು. ಆದರೆ ಕಾಯಿಲೆಯಿಂದ ಸತ್ತ ಮಂಗವಾದರೆ ಹೊತ್ತವರ ಹೆಗಲಿಗೆ ಇಳಿಯುವುದು ಆಗಷ್ಟೇ ಮನೆ ಕಳೆದುಕೊಂಡ ಉಣುಗುಗಳು. "ಮುಟ್ಟಬೇಡಿ" ಎಂದು ಗದರಿದರೆ ಜನ ಕೇಳುವುದಿಲ್ಲ. ಕೇಳಲೇಬೇಕೆಂದೂ ನನಗೆ ಅನ್ನಿಸುವುದಿಲ್ಲ. ದೂರ ನಿಂತು ಕೈಮುಗಿಯಿರಿ, ಹೂವು ದೂರದಿಂದ ಹಾಕಿ, ಪಂಚಾಯಿತಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿ, ಸುಡುವ ಕೆಲಸ ಅವರು ಮಾಡುತ್ತಾರೆ ಎಂದರೆ ಭಕ್ತಿಗೂ ಭಂಗವಿಲ್ಲ. ಸುದ್ದಿ ತಲುಪಿದ ಮೇಲೆ ಸಿಬ್ಬಂದಿ ಮೈ ಮುಚ್ಚುವ ಉಡುಪು ತೊಟ್ಟು ಬರುತ್ತಾರೆ. ಮಾದರಿ ತೆಗೆದು, ಹೆಣ ಸುಟ್ಟು, ಸುತ್ತಲ ನೆಲಕ್ಕೆ ಮೆಲಾಥಿಯಾನ್ ಪುಡಿ ಹೊಡೆಯುತ್ತಾರೆ. ಆ ಜಾಗಕ್ಕೆ ಆ ಬೇಸಿಗೆ ಮುಗಿಯುವವರೆಗೆ ದರಗಿಗೆ, ಸೌದೆಗೆ ಹೋಗಬಾರದು. "ಕಾಡಿಗೆ ಹೋಗಬೇಡಿ" ಎನ್ನುವುದು ಯಾರಿಗೂ ಸಾಧ್ಯವಿಲ್ಲ. "ಹೊಳೆದಂಡೆ ಹತ್ತಿರದ ಆ ಮತ್ತಿಮರದ ಕೆಳಗೆ ಹೋಗಬೇಡಿ, ಅಲ್ಲಿ ಮುಸಿಯ ಸತ್ತಿದೆ" ಎನ್ನುವುದು ಎಲ್ಲರಿಗೂ ಸಾಧ್ಯ.

ಇಷ್ಟೆಲ್ಲ ಮಾಡಿದರೂ ಜ್ವರ ಬರಬಹುದು. ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಏಕಾಏಕಿ ಜ್ವರ, ತಲೆ ಸಿಡಿಯುವ ನೋವು, ಸೊಂಟ ಮತ್ತು ಕಾಲಿನ ಮಾಂಸಖಂಡಗಳಲ್ಲಿ ತಡೆಯಲಾರದ ನೋವು. ಕಣ್ಣು ಕೆಂಪಾಗುತ್ತದೆ, ವಾಂತಿ ಭೇದಿ ಆಗಬಹುದು. ಕೆಲವರಿಗೆ ವಸಡು, ಮೂಗು, ಕರುಳಿನಲ್ಲಿ ರಕ್ತಸ್ರಾವ. ರಕ್ತದೊತ್ತಡ ಇಳಿಯುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಡೆಂಗಿ, ಇಲಿಜ್ವರಗಳೂ ಶುರುವಿನಲ್ಲಿ ಹೀಗೇ ಇರುವುದರಿಂದ ಕಣ್ಣಂದಾಜಿನಲ್ಲಿ ಬೇರ್ಪಡಿಸಲಾಗದು. ರಕ್ತ ಪರೀಕ್ಷೆಯೇ ಆಗಬೇಕು. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್, ತಡವಾದರೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆ. ವೈದ್ಯರ ಮುಂದೆ ಕೂತಾಗ "ಜ್ವರ" ಎನ್ನುವುದಕ್ಕೂ ಮೊದಲು "ಹೋದ ವಾರ ದರಗು ತರಲು ಹೋಗಿದ್ದೆ" ಎನ್ನಬೇಕು. ಜಿಲ್ಲೆಗೆ ಹೊಸದಾಗಿ ಬಂದ ವೈದ್ಯರಿಗೆ ಆ ಒಂದು ವಾಕ್ಯ ದಾರಿ ತೋರಿಸುತ್ತದೆ. ಮನೆಯಲ್ಲಿ ಉಳಿದ ನೋವಿನ ಮಾತ್ರೆ ನುಂಗುವುದು ಅಪಾಯ; ಆಸ್ಪಿರಿನ್, ಐಬುಪ್ರೊಫೆನ್‌ನಂಥವು ರಕ್ತಸ್ರಾವ ಹೆಚ್ಚಿಸಬಲ್ಲವು.

ವೈರಸ್ಸನ್ನೇ ಕೊಲ್ಲುವ ಮದ್ದು ಇದಕ್ಕಿಲ್ಲ. ಆಸ್ಪತ್ರೆಯಲ್ಲಿ ಮಾಡುವುದು ದೇಹಕ್ಕೆ ಆಸರೆ ಕೊಡುವ ಕೆಲಸ: ನೀರಿನಂಶ ಕಾಪಾಡುವುದು, ರಕ್ತದೊತ್ತಡದ ಮೇಲೆ ಕಣ್ಣಿಡುವುದು, ರಕ್ತಸ್ರಾವವಾದರೆ ರಕ್ತ ಕೊಡುವುದು. ಮದ್ದಿಲ್ಲ ಅಂದಮೇಲೆ ಆಸ್ಪತ್ರೆ ಯಾಕೆ ಎಂದು ಕೇಳುವವರಿದ್ದಾರೆ. ಬೇಗ ಸೇರಿದವರಿಗೂ ನಿತ್ರಾಣವಾಗಿ ಸೇರಿದವರಿಗೂ ವ್ಯತ್ಯಾಸ ಮಾಡುವುದು ಆ ಆಸರೆಯೇ. ಸೋಂಕು ತಗುಲಿದ ನೂರರಲ್ಲಿ ಮೂರರಿಂದ ಐದು ಜನ ತೀರಿಕೊಳ್ಳುತ್ತಾರೆ. ಉಳಿದವರು ವಾಸಿಯಾಗುತ್ತಾರೆ, ಆದರೆ ಸುಸ್ತು ವಾರಗಟ್ಟಲೆ ಬಿಡುವುದಿಲ್ಲ. ಕೊನೆಕೊಯ್ಲಿನ ಕೂಲಿಯೇ ವರ್ಷದ ಕೈಕಾಸಾದ ಮನೆಗೆ ಆ ವಾರಗಳೆಂದರೆ ಮಕ್ಕಳ ಶಾಲೆ ಖರ್ಚು, ಸಂಘದ ಸಾಲದ ಕಂತು.

ಇನ್ನೊಂದು ಮೋಸವಿದೆ. ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು, ಹತ್ತರಲ್ಲಿ ಒಬ್ಬಿಬ್ಬರಿಗೆ ಅದು ಮರಳುತ್ತದೆ. ಈ ಸಲ ಗುರಿ ಮಿದುಳು: ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಕಣ್ಣು ಮಂಜು, ಮಾತಿನಲ್ಲಿ ಗೊಂದಲ. ಇದನ್ನು ಗಾಳಿ ಸೋಕಿದ್ದು ಎಂದುಕೊಂಡು ಅಂತ್ರ ಕಟ್ಟಿಸಲು ಹೋದರೆ ಹೊತ್ತು ಮೀರುತ್ತದೆ. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನವೇ ಇದನ್ನು ಮನೆಮಂದಿಗೆಲ್ಲ ಹೇಳಬೇಕು, ಕಾಯಿಲೆಯವರಿಗೆ ಮಾತ್ರ ಅಲ್ಲ.

ಒಬ್ಬರಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲ. ದಪ್ಪಕ್ಷರದಲ್ಲಿ ಹೇಳಬೇಕಾದ ಮಾತು ಯಾವುದಾದರೂ ಇದ್ದರೆ ಇದು. ಕಾಯಿಲೆಯವರ ತಟ್ಟೆ ಬೇರೆ ಇಡುವುದು, ಆ ಕೇರಿಯ ಮಕ್ಕಳ ಜೊತೆ ಆಡಬೇಡ ಎನ್ನುವುದು, ಆ ಊರಿನ ಮದುವೆಗೆ ಹೋಗದಿರುವುದು, ಇವೆಲ್ಲ ಬರೀ ನೋವು ಕೊಡುವ ಕೆಲಸ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಸಾಲು ಸಾವುಗಳಾದಾಗ ಜೋಗದ ಆಚೆಯ ಆ ಪುಟ್ಟ ಊರಿನ ಹೆಸರು ದಿನಾ ಪತ್ರಿಕೆಯಲ್ಲಿ ಬಂತು. ಕಾಯಿಲೆಯ ಜೊತೆ ಹೆಸರಿನ ಭಾರವನ್ನೂ ಹೊರುವುದು ಎಂಥದ್ದೆಂದು ಅಲ್ಲಿಯವರೇ ಹೇಳಬೇಕು.

ಲಸಿಕೆಯ ಕಥೆಯನ್ನು ಮುಚ್ಚಿಡದೆ ಹೇಳುವುದು ಒಳ್ಳೆಯದು. 1990ರ ದಶಕದಿಂದ ಮಲೆನಾಡಿನಲ್ಲಿ ಒಂದು ಲಸಿಕೆ ಕೊಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಒಂದು. ಚುಚ್ಚಿದ ತೋಳು ಎರಡು ದಿನ ಎತ್ತಲಾಗುತ್ತಿರಲಿಲ್ಲ. ಕೂಲಿ ತಪ್ಪುತ್ತದೆಂದು ಎರಡನೇ ಡೋಸಿಗೆ ಬಾರದವರೇ ಬಹಳ. 2005ರಿಂದ 2010ರವರೆಗಿನ ಮಾಹಿತಿ ತೂಗಿ ನೋಡಿದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ಎಂದು ಕಂಡಿತು. ಆಮೇಲೆ ಲಸಿಕೆಯ ಕಸುವು ಕುಂದಿದ್ದು ಕಂಡುಬಂದು 2022ರ ಹೊತ್ತಿಗೆ ಕೊಡುವುದನ್ನು ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ಹೊಸ ಲಸಿಕೆಯ ಕೆಲಸ ನಡೆದಿದೆ. ಹಳೆಯದನ್ನು ಹಾಕಿಸಿಕೊಂಡೂ ಜ್ವರ ಬಂದವರು ಊರಿನಲ್ಲಿದ್ದಾರೆ, ಅವರ ಮಾತಿಗೆ ತೂಕವಿದೆ. ನಾಳೆ ಹೊಸ ಲಸಿಕೆ ಹಿಡಿದು ಬರುವವರು ಹಳೆಯದರ ಮಾತೆತ್ತದೆ "ಇದು ನೂರಕ್ಕೆ ನೂರು" ಎಂದು ಶುರುಮಾಡಿದರೆ ಜಗುಲಿಯಲ್ಲಿ ಕೂತವರು ಚಾ ಕೊಟ್ಟು ಕಳಿಸುತ್ತಾರೆ, ತೋಳು ಕೊಡುವುದಿಲ್ಲ.

ಲಸಿಕೆಯಿಲ್ಲದ ಈ ವರ್ಷಗಳಲ್ಲಿ ಉಳಿದಿರುವುದು ಎಣ್ಣೆ, ಬಚ್ಚಲು ಮತ್ತು ಬಾಯಿಮಾತು. ಕಾಯಿಲೆ ಒಂದೇ ಕಡೆ ನಿಂತೂ ಇಲ್ಲ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿಗಳಲ್ಲಿದ್ದದ್ದು 2012ರ ನಂತರ ಬಂಡೀಪುರ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಕಾಣಿಸಿಕೊಂಡಿದೆ. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕು ಬಹಳ ಅನುಭವಿಸಿತು.

ಬಾಯಿಮಾತಿನ ಕೆಲಸ ಬಿದ್ದಿರುವುದು ಹೆಚ್ಚಾಗಿ ಆಶಾ ಕಾರ್ಯಕರ್ತೆಯರ ಮೇಲೆ. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದ ಲೆಕ್ಕದಲ್ಲಿ ಸಾವಿರ ಜನಕ್ಕೆ ಒಬ್ಬರು. ಬಯಲುಸೀಮೆಯಲ್ಲಿ ಸಾವಿರ ಜನ ಅಂದರೆ ನಾಲ್ಕು ಕೇರಿ. ಮಲೆನಾಡಿನಲ್ಲಿ ಅದು ಮೂರು ಗುಡ್ಡ, ಎರಡು ಹಳ್ಳ, ಒಂದೊಂದು ಮನೆಗೂ ಅರ್ಧ ಮೈಲಿ ಕಾಲುದಾರಿ. ಆ ದಾರಿಯೂ ದರಗಿನ ಮೇಲೇ ಹೋಗುತ್ತದೆ, ಉಣುಗು ಅವರಿಗೂ ಹತ್ತುತ್ತದೆ. ಕೊಡುವುದು ಸಂಬಳವಲ್ಲ, ಗೌರವಧನ. ಅದಕ್ಕಾಗಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಎಷ್ಟು ಸಲ ಧರಣಿ ಕೂತಿದ್ದಾರೆ ಎಂದು ಎಲ್ಲರಿಗೂ ಗೊತ್ತು. ಅವರ ಹತ್ತಿರ ಇರುವ ಬಂಡವಾಳ ಒಂದೇ: ಯಾರ ಮನೆಯಲ್ಲಿ ಯಾರು ಬೆಟ್ಟಕ್ಕೆ ಹೋಗುತ್ತಾರೆ, ಯಾರ ಮಾತು ನಡೆಯುತ್ತದೆ, ಯಾವ ಅತ್ತೆ ಸೊಸೆಯ ಕೈಯಿಂದ ಬಾಟಲಿ ತೆಗೆದುಕೊಳ್ಳುವುದಿಲ್ಲ ಎನ್ನುವುದು ಅವರಿಗೆ ಗೊತ್ತು. ಶಾಲೆಗೆ ಹೋಗಿ ಮಕ್ಕಳಿಗೆ "ಮಂಗ ಸತ್ತದ್ದು ಕಂಡರೆ ನನಗೆ ಬಂದು ಹೇಳಿ" ಎಂದು ಹೇಳಿಬಂದವರು ಅವರೇ. ಕಾಡಿನ ಸುದ್ದಿ ಅರಣ್ಯ ಕಾವಲುಗಾರರಿಗಿಂತ ಬೇಗ ಗೊತ್ತಾಗುವುದು ಪುನರ್ಪುಳಿ ಹುಡುಕುತ್ತ ಅಲೆಯುವ ಆರನೇ ಕ್ಲಾಸಿನ ಹುಡುಗರಿಗೆ.

ಫೆಬ್ರವರಿಯಲ್ಲಿ ಮತ್ತೆ ದೊಡ್ಡಮ್ಮನ ಮನೆಗೆ ಹೋದೆ. ಎಣ್ಣೆಯ ಬಾಟಲಿ ಬಚ್ಚಲ ಬಾಗಿಲ ಪಕ್ಕದ ಗೂಡಿನಲ್ಲಿತ್ತು, ಮುಕ್ಕಾಲು ಖಾಲಿ. ದೊಡ್ಡಪ್ಪ ಮಾತ್ರ ಇನ್ನೂ ಮುಟ್ಟಿಲ್ಲವಂತೆ, ವಾಸನೆ ಆಗುವುದಿಲ್ಲ ಎನ್ನುತ್ತಾರಂತೆ. ಸಂಜೆ ಅವರು ತೋಟದ ಮೇಲಿನ ಬೆಟ್ಟದಿಂದ ಇಳಿದು ಜಗುಲಿಗೆ ಕಾಲಿಡುತ್ತಿದ್ದಂತೆ ಒಳಗಿನಿಂದ ದೊಡ್ಡಮ್ಮನ ದನಿ ಕೇಳಿತು: "ಅಲ್ಲೇ ನಿಲ್ಲಿ. ಚಾ ಮಾಡಿಲ್ಲ ಇನ್ನೂ. ಬಚ್ಚಲಿಗೆ ಹೋಗಿ ಬನ್ನಿ, ಬೆನ್ನು ನಾ ನೋಡ್ತೆ." ಒಲೆಯ ಮೇಲೆ ಚಾ ಕುದಿಯುತ್ತಿದ್ದ ವಾಸನೆ ನನ್ನ ಮೂಗಿಗೆ ಆಗಲೇ ಬಂದಿತ್ತು.